ಅಕ್ಕನ ಮಾತು ಸಭೆಗೆ ಕೇಳಲಿಲ್ಲ

ಅಂಗಡಿಯ ಹಿಂದಿನ ಗೋದಾಮಿನಿಂದ,
ಭಾನುವಾರ, ಜುಲೈ ೧೪

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಕೆಳಗಿರುವ ಅಗಣ್ಯರೇ, ಊಟಕ್ಕೆಂದು ಬಂದು ಭಾಷಣಕ್ಕೆ ಸಿಕ್ಕಿಬಿದ್ದ ನತದೃಷ್ಟರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಆಕಳಿಸುತ್ತಿರುವ ನನ್ನ ಪ್ರೀತಿಯ ಅಕ್ಕನೇ,

ಎಲ್ಲರಿಗೂ ನಮಸ್ಕಾರ. ಪತ್ರ ತಡವಾಯಿತು, ಬರೆಯುವ ಕೈ ಜಡವಾಯಿತು, ಕ್ಷಮೆ ಇರಲಿ. ಈ ಪ್ರಾಸದ ಚಟ ಬಿಡು ಎಂದು ನೀನು ಹೇಳುತ್ತಲೇ ಬಂದಿದ್ದೀಯ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನಿಗೆ ಉಳಿದಿರುವ ಆಸ್ತಿ ಅದೊಂದೇ, ಅದನ್ನೂ ಕಿತ್ತುಕೊಂಡರೆ ಹೇಗೆ? ನನ್ನವಳಂತೂ ನಿನ್ನೆ ಕೇಳಿಯೇಬಿಟ್ಟಳು: "ಮದುವೆ ಮನೆ ನಿರೂಪಣೆ ಅಂದ್ರೆ ಕಾಫಿ ಆರೋದ್ರೊಳಗೆ ಪುಟಗಟ್ಟಲೆ ಬರೀತೀರಿ. ಅಕ್ಕನಿಗೆ ನಾಲ್ಕು ಸಾಲು ಬರೆಯೋಕೆ ತಿಂಗಳಿಂದ ಪೆನ್ನು ಕಚ್ತಾ ಇದೀರಲ್ಲ, ಅದಕ್ಕೇನು ನಾನು ಉಪ್ಪು ಖಾರ ಹಚ್ಚಿದೀನಾ?"

ಫೋನ್ ಮಾಡಬಹುದಿತ್ತು. ಮಾಡಿದರೆ "ಕ್ಲಾಸಿದೆ, ಇಡ್ತೀನಿ" ಅನ್ನುತ್ತೀಯ. ಟೀಚರುಗಳಿಗೆ ಭಾನುವಾರವೂ ಕ್ಲಾಸಿರುತ್ತದೆಂದು ನನಗೆ ಈಚೆಗಷ್ಟೇ ತಿಳಿಯಿತು.

ಮೊದಲು ಕ್ಷೇಮ ಸಮಾಚಾರ. ವ್ಯಾಪಾರ ಚೆನ್ನಾಗಿದೆ. ಹಾಗೆಂದು ನಿನಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಚೆನ್ನಾಗಿದೆ. ಕುರ್ಚಿ, ಶಾಮಿಯಾನ, ಮೈಕು ಬಾಡಿಗೆಗೆ ಕೊಡುತ್ತಿದ್ದ ನಮ್ಮ ಅಂಗಡಿ ಈಗ ಸಮಾರಂಭಗಳನ್ನು ನೇರಪ್ರಸಾರ ಮಾಡುತ್ತದೆ. ಕೊರೊನಾ ಹೋದ ಮೇಲೆ ಜನ ಮತ್ತೆ ಸೇರುತ್ತಾರೆಂದು ಬಾಯಿ ಬಿಟ್ಟುಕೊಂಡು ಕಾದೆವಲ್ಲ, ಸೇರಿದರು ನಿಜ, ಆದರೆ ಮೊದಲಿನ ಹಾಗಲ್ಲ. ಸಭಾಂಗಣದಲ್ಲಿ ಅರವತ್ತು ಜನ, ಪರದೆಯಾಚೆ ಆರುನೂರು. ಹುಡುಗಿಯ ಸ್ವಂತ ಚಿಕ್ಕಪ್ಪನೇ ಮಂಚದ ಮೇಲೆ ಕಾಲು ಚಾಚಿಕೊಂಡು ಮದುವೆ ನೋಡಿ, ಒಂದು ಹೃದಯದ ಚಿತ್ರ ಕಳಿಸಿ, ಮಗ್ಗುಲು ಬದಲಿಸುತ್ತಾನೆ.

ಅಪ್ಪನಿಗೆ ಇದು ಇನ್ನೂ ಪೂರ್ತಿ ಒಗ್ಗಿಲ್ಲ. ಮೊನ್ನೆ ಒಬ್ಬ ಗಿರಾಕಿ ಬಂದಿದ್ದ.

"ಎಷ್ಟು ಜನ ಆಗ್ತಾರೆ?" ಅಂದರು ಅಪ್ಪ.

"ಆನ್‌ಲೈನಲ್ಲಿ ಒಂದು ಮುನ್ನೂರು, ಯಜಮಾನ್ರೇ."

"ಹಾಗಾದ್ರೆ ಮುನ್ನೂರೈವತ್ತು ಕುರ್ಚಿ ಹಾಕೋಣ. ಆಮೇಲೆ ಸಾಲ್ದೇ ಬಂದ್ರೆ ನನ್ನ ಹೆಸರು ಕೆಡುತ್ತೆ."

ಗಿರಾಕಿ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ.

ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಮಾರಿದ್ದಾಯಿತು. ಉಳಿದವು ಇಲ್ಲೇ ನನ್ನ ಬೆನ್ನ ಹಿಂದೆ ಒಂದರ ಮೇಲೊಂದು ಪೇರಿಸಿಕೊಂಡು ನಿಂತಿವೆ. ಅಪ್ಪ ದಿನಾ ಬಂದು ಮೇಲಿನದನ್ನಷ್ಟೇ ಒರೆಸುತ್ತಾರೆ. ಎಲ್ಲವನ್ನೂ ಒರೆಸಬಾರದೇ ಎಂದರೆ, "ಕೂರೋರಿಲ್ಲದ ಕುರ್ಚಿಗೆ ಎಷ್ಟಂತ ಸಿಂಗಾರ ಮಾಡ್ಲಿ" ಅನ್ನುತ್ತಾರೆ.

ಇದೇ ಬಾಗಿಲಲ್ಲಿ ನಿಂತು ನೀನು ಆಡಿದ ಮಾತು ನನಗೆ ಅಕ್ಷರ ಅಕ್ಷರವೂ ನೆನಪಿದೆ. ಲಾಕ್‌ಡೌನ್ ಸಡಿಲವಾಗಿ ಬಸ್ಸು ಬಿಟ್ಟ ವಾರವೇ ನೀನು ಊರಿಗೆ ಬಂದಿದ್ದೆ. "ಇವನ್ನ ಮಾರಿ ಕ್ಯಾಮೆರಾ ತಗೊಳ್ಳಿ ಅಪ್ಪಾ. ನನ್ನ ಶಾಲೆ ಮಕ್ಕಳು ಪರದೆ ಮುಂದೇನೇ ಕೂತು ಕಲೀತಿದಾರೆ. ಇನ್ನು ದೊಡ್ಡವರೂ ಅಲ್ಲೇ ಕೂರೋದು" ಅಂದೆ. ಅಪ್ಪ ಕೆಂಡವಾದರು. "ನಾನು ಕಟ್ಟಿದ ಅಂಗಡಿಗೆ ಗುಂಡಿ ತೋಡೋಕೆ ಬಂದ್ಯಾ? ನೀನು ನನ್ನ ಮಗಳೇ ಅಲ್ಲ, ನಡಿ" ಅಂದರು. ನೀನೂ ಬಿಡಲಿಲ್ಲ. "ಹಾಗಾದ್ರೆ ಈ ಕುರ್ಚಿಗಳ ಜೊತೇಲೇ ಕೊಳೀರಿ" ಎಂದು ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟೆ. ಅವರು ಅಪ್ಪ, ನೀನು ಅವರ ಮಗಳು. ಹಟದಲ್ಲಿ ಒಬ್ಬರಿಗೊಬ್ಬರು ಅಚ್ಚು. ಅಲ್ಲಿಂದ ಮಾತು ನಿಂತಿತು.

ಕೆಲವು ತಿಂಗಳ ಮೇಲೆ ನಾನು ಅದನ್ನೇ ಅಪ್ಪನಿಗೆ ಮೆತ್ತಗೆ, ಬೆಲ್ಲ ಸವರಿ ಹೇಳಿದೆ. ಒಪ್ಪಿದರು.

ಈಗ ಕಳೆದ ತಿಂಗಳಿಗೆ ಬರುತ್ತೇನೆ. ಅಂಗಡಿಗೆ ಐವತ್ತು ವರ್ಷ ತುಂಬಿದ ಸಮಾರಂಭ. ಅಪ್ಪ ಜೀವಮಾನದಲ್ಲಿ ಮೊದಲ ಸಲ ಮೈಕಿನ ಮುಂದೆ ನಿಂತು ನನ್ನನ್ನು ಹೊಗಳಿದರು. "ಅಂಗಡಿ ಮುಳುಗ್ತಿತ್ತು. ದಡ ಸೇರಿಸಿದ ತಲೆ ನನ್ನ ಮಗನದು. ಇದು ಯಾರೂ ಹೇಳಿಕೊಟ್ಟಿದ್ದಲ್ಲ" ಅಂದರು. ಅಷ್ಟು ಚಪ್ಪಾಳೆ ನನಗೆ ಮದುವೆಯಲ್ಲೂ ಬಿದ್ದಿರಲಿಲ್ಲ. ಅದಾದ ಮೇಲೆ ದೊಡ್ಡ ಪರದೆಯ ಮೇಲೆ ನೀನು ಬಂದೆ. ಪರದೆಯಲ್ಲಾದರೂ ಬಂದು ಎರಡು ಮಾತಾಡು ಎಂದು ಕರೆದಾಗ ನೀನು ಒಪ್ಪುತ್ತೀಯೆಂದು ನಾನು ಅಂದುಕೊಂಡಿರಲಿಲ್ಲ. ಅಪ್ಪ ಕುರ್ಚಿಯ ತುದಿಗೆ ಸರಿದು ಕೂತರು.

ಅಂದು ಸಂಜೆ ನೀನು ಕಳಿಸಿದ ಸಂದೇಶ ಇನ್ನೂ ನನ್ನ ಫೋನಿನಲ್ಲಿದೆ. "ನಾನು ಮಾತಾಡ್ತಿರುವಾಗ ಅಪ್ಪ ನಿನ್ನ ಕಡೆ ತಿರುಗಿ ಏನೋ ಕೇಳಿದರು, ಆಮೇಲೆ ತಲೆ ತಗ್ಗಿಸಿದರು. ಕೊನೆವರೆಗೂ ಎತ್ತಲಿಲ್ಲ. ಉತ್ತರ ಸಿಕ್ಕಿತು. ಇನ್ನು ಆ ಮನೆಗೆ ಬರೋದಿಲ್ಲ, ಕರೀಬೇಡ."

ಅಕ್ಕ, ಅದು ಅಪ್ಪನ ಉತ್ತರವಲ್ಲ. ಅವರಿಗೆ ನಿನ್ನ ಮಾತು ಕೇಳಲೇ ಇಲ್ಲ. ನಿನ್ನ ಧ್ವನಿ ಸಭೆಗೂ ಬರಲಿಲ್ಲ, ಪ್ರಸಾರಕ್ಕೂ ಹೋಗಲಿಲ್ಲ. "ಅಪ್ಪಾ, ಅವತ್ತು ನಾನು..." ಎನ್ನುವವರೆಗೆ ಬಂತು, ಆಮೇಲೆ ಬರೀ ಬಾಯಿ ಆಡುತ್ತಿತ್ತು. ಎಲ್ಲ ಈ ನೆಟ್‌ವರ್ಕಿನ ಆಟ; ಬೇಕಾದಾಗ ಮಲಗುತ್ತದೆ, ಬೇಡವಾದಾಗ ಕುಣಿಯುತ್ತದೆ. ನೀನೇ ಬೇಕೆಂದು ಧ್ವನಿ ಬಂದ್ ಮಾಡಿಕೊಂಡು ಸುಮ್ಮನೆ ಬಾಯಿ ಆಡಿಸಿ ಹೋದೆ ಎಂದು ಅಪ್ಪ ತಿಳಿದುಕೊಂಡಿದ್ದಾರೆ. "ಜನರ ಮುಂದೆ ಮುಖ ತೋರಿಸೋಕೆ ಬಂದ್ಲು. ನನಗೆ ಒಂದು ಮಾತು ಕೇಳಿಸೋಕೂ ಅವಳಿಗೆ ಮನಸ್ಸಿಲ್ಲ" ಅಂದರು. ಅಂದಿನಿಂದ ಸಂಜೆಯಾದರೆ ಫೋನ್ ಕೈಗೆತ್ತಿಕೊಂಡು, ನಿನ್ನ ಹೆಸರಿನವರೆಗೆ ಬಂದು, ಕನ್ನಡಕ ಒರೆಸಿಕೊಂಡು ಕೆಳಗಿಡುತ್ತಾರೆ. ಹೆಸರು ಅವರಿಗೆ ಚೆನ್ನಾಗಿಯೇ ಕಾಣುತ್ತದೆ.

ಆದ್ದರಿಂದ ಕೋಪ ಬಿಡು, ಒಂದು ಫೋನ್ ಮಾಡಿಬಿಡು. ತಪ್ಪು ನಿನ್ನದಲ್ಲ, ಅಪ್ಪನದಲ್ಲ. ಗಾಳಿಯಲ್ಲಿ ಹಾರುವ ತರಂಗದ್ದು. ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಈ ಸೋದರಮಾವನ ಆಶೀರ್ವಾದ. ಓದಲಿ, ಬೆಳೆಯಲಿ, ಮಾವನ ಹಾಗೆ ಪ್ರಾಸ ಕಟ್ಟಿ ಹಾಳಾಗದಿರಲಿ.

ಇಂತಿ,
ನಿನ್ನ ತಮ್ಮ

ಸಹಿಯ ಕೆಳಗೆ: ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಅಂದು ಸೌಂಡಿನ ಯಂತ್ರದ ಮುಂದೆ ಕೂತು, ಗುಂಡಿ ತಿರುಗಿಸಿ ನಿನ್ನ ಧ್ವನಿ ಇಳಿಸಿದವನು ನಾನು. "ಚಪ್ಪಾಳೆ ಬಂದ್ರೆ ಏರಿಸು, ಅಳು ಬಂದ್ರೆ ಇಳಿಸು" ಎಂದು ಅಪ್ಪ ಕಲಿಸಿದ ಪಾಠ, ಅಭ್ಯಾಸಬಲದಿಂದ ಕೈ ಹೋಯಿತು ಎಂದು ಬರೆಯೋಣವೆಂದುಕೊಂಡಿದ್ದೆ. ಆದರೆ ನೀನಿನ್ನೂ ಅತ್ತಿರಲಿಲ್ಲ. "ಅವತ್ತು ನಾನು" ಅಂದೆಯಲ್ಲ, ಅಷ್ಟಕ್ಕೇ ನನ್ನ ಕೈ ಗುಂಡಿಗೆ ಹೋಯಿತು. ಕ್ಯಾಮೆರಾದ ವಿಚಾರ ನಿನ್ನದೆಂದು ಎಲ್ಲರ ಮುಂದೆ ಹೇಳಿಬಿಡುತ್ತೀಯ ಅನ್ನಿಸಿತು. ಅಪ್ಪನ ನೆನಪಲ್ಲಿ ಉಳಿದದ್ದು ಅವತ್ತಿನ ಜಗಳವಷ್ಟೇ, ವಿಚಾರ ನಿನ್ನದೆಂದು ನಾನೂ ನೆನಪಿಸಿರಲಿಲ್ಲ. ಆ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿ ಬೆಚ್ಚಗಿತ್ತು.

ಅಪ್ಪ ನನ್ನ ಕಡೆ ತಿರುಗಿ ಕೇಳಿದ್ದು, "ಸೌಂಡ್ ಯಾಕೋ ಬರ್ತಿಲ್ಲ?" ಎಂದು. "ಅವಳೇ ಆ ಕಡೆಯಿಂದ ಬಂದ್ ಮಾಡ್ಕೊಂಡಿದಾಳೆ ಅಪ್ಪಾ" ಅಂದವನೂ ನಾನೇ. ಅವರು ತಲೆ ತಗ್ಗಿಸಿದ್ದು ಅದಕ್ಕೆ.

ಗುಂಡಿ ಇಳಿಸಿದರೂ ಒಬ್ಬೊಬ್ಬರ ಧ್ವನಿಯೂ ಯಂತ್ರದಲ್ಲಿ ಬೇರೆಬೇರೆಯಾಗಿ ಮುದ್ರಣವಾಗಿರುತ್ತದೆ, ನಿನ್ನದೂ ಇದೆ. ಈ ಕಾಗದವನ್ನು ಅಂಚೆಗೆ ಹಾಕಿ ಬಂದು ಅದನ್ನು ಅಪ್ಪನಿಗೆ ಕೇಳಿಸುತ್ತೇನೆ. ಇದು ನಿನ್ನ ಕೈಸೇರುವ ಮೊದಲೇ ಅವರ ಫೋನ್ ಬಂದರೆ, ದಯವಿಟ್ಟು ಎತ್ತು. ಬರದಿದ್ದರೆ, ನಿನ್ನ ತಮ್ಮ ಇನ್ನೊಮ್ಮೆ ಹೇಡಿಯಾದನೆಂದು ತಿಳಿದು ನೀನೇ ಮಾಡು.

ಸಭೆಗೆ ಕೇಳದಿದ್ದರೂ ನನ್ನ ಕಿವಿಯ ಹೆಡ್‌ಫೋನಿಗೆ ಎಲ್ಲವೂ ಬರುತ್ತಿತ್ತು. ಕೊಳೀರಿ ಅಂದದ್ದಕ್ಕೆ ನೀನು ಕ್ಷಮೆ ಬೇಡಿದ್ದು ನನಗೆ ಕೇಳಿಸಿತು. ಕ್ಯಾಮೆರಾ ನಿನ್ನ ವಿಚಾರ ಎಂದು ನೀನು ಎಲ್ಲಿಯೂ ಅನ್ನಲಿಲ್ಲ. "ತಮ್ಮನ ತಲೆ ದೊಡ್ಡದು ಅಪ್ಪಾ, ಇದೆಲ್ಲ ಅವನದೇ. ಇನ್ನಾದ್ರೂ ಅವನನ್ನ ಬೈಬೇಡಿ" ಅಂದೆ.

ಅದನ್ನು ಕೇಳಿದ ಮೇಲೂ ನಾನು ಗುಂಡಿ ಏರಿಸಲಿಲ್ಲ, ಅಕ್ಕ.