ಹಸಿರು ದೀಪ ಮೂರು ಸಲ ಹತ್ತಿತ್ತು

ಫೌಂಡ್ರಿ ಅಪಘಾತದ ವಿಚಾರಣಾಧಿಕಾರಿಗಳೇ,

ಸತ್ತವನು ಎದ್ದು ಬಂದು ಉತ್ತರ ಕೊಡುವುದಿಲ್ಲ ಎಂಬ ಧೈರ್ಯದಲ್ಲಿ ನೀವು ಬರೆದ ಕರಡು ವರದಿಯ ಕೊನೆಯ ಸಾಲು ಓದಿದೆ. "ಮೃತ ಕಾರ್ಮಿಕನು ತನ್ನ ವಾಕಿಟಾಕಿಯ ಧ್ವನಿಯನ್ನು ತಾನೇ ತಗ್ಗಿಸಿಕೊಂಡಿದ್ದು, ಆತನ ಸ್ವಯಂ ನಿರ್ಲಕ್ಷ್ಯವೇ ಸಾವಿಗೆ ಕಾರಣ." ಹನ್ನೊಂದು ಪುಟದ ವಿಚಾರಣೆಯಲ್ಲಿ ವಿಚಾರಕ್ಕೆ ಅರ್ಧ ಪುಟವೂ ಉಳಿಯಲಿಲ್ಲವೇ ಸ್ವಾಮಿ? ಧ್ವನಿ ತಗ್ಗಿಸಿದ ಎಂದಿರಿ, ಸರಿ. ಯಾಕೆ ತಗ್ಗಿಸಿದ ಎಂದು ಯಾರನ್ನಾದರೂ ಕೇಳಿದಿರಾ? ನನ್ನನ್ನಂತೂ ಕೇಳಲಿಲ್ಲ. ನನಗೆ ಗೊತ್ತು.

ಸವಳಂಗ ರಸ್ತೆಯಲ್ಲಿ ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವನು ನಾನು. ರಿಪೇರಿಗಿಂತ ಕೀಟಲೆಗೇ ಹೆಸರಾದವನು. ಅಂಗಡಿಗೆ ಬಂದವರ ಕಿವಿಯ ಬಳಿ ಎರಡು ವಾಕಿಟಾಕಿ ಒಟ್ಟಿಗೆ ಹಿಡಿದು ಒಂದರ ಗುಂಡಿ ಒತ್ತುತ್ತಿದ್ದೆ. ಕೀಂಯ್ ಎಂದು ಅದು ಕಿರುಚಿದರೆ ಗಿರಾಕಿ ಸ್ಟೂಲಿನಿಂದ ಹಾರಬೇಕು. "ಹೆದರ್ಬೇಡಿ, ಒಂದು ಅತ್ತೆ, ಇನ್ನೊಂದು ಸೊಸೆ. ದೂರ ಇದ್ರೆ ಮಾತು, ಹತ್ರ ಬಂದ್ರೆ ಕಿರುಚಾಟ" ಅನ್ನುತ್ತಿದ್ದೆ. ತಮಾಷೆಯೊಳಗೆ ಪಾಠವೂ ಇತ್ತು. ಒಂದು ಸೆಟ್ಟಿನಲ್ಲಿ ಮಾತಾಡಿದ್ದು ಪಕ್ಕದ ಸೆಟ್ಟಿನಿಂದ ಹೊರಬರುತ್ತದೆ. ಆ ಸದ್ದನ್ನು ಮೊದಲನೆಯದರ ಮೈಕು ಮತ್ತೆ ಹಿಡಿದು ಮತ್ತೆ ಕಳಿಸುತ್ತದೆ. ಹೀಗೆ ಸುತ್ತಿ ಸುತ್ತಿ ಸದ್ದು ಕಿರುಚಾಟವಾಗುತ್ತದೆ. ಸೆಟ್ಟು ಕೆಟ್ಟಿರುವುದಿಲ್ಲ. ಮದ್ದು ಎರಡೇ: ದೂರ ಸರಿಯಿರಿ, ಇಲ್ಲವೇ ಪಕ್ಕದ ಸೆಟ್ಟಿನ ಧ್ವನಿ ತಗ್ಗಿಸಿ.

ಈಗ ಮಲವಗೊಪ್ಪ ದಾಟಿ ಭದ್ರಾವತಿ ಕಡೆಗಿರುವ ಆ ಫೌಂಡ್ರಿಗೆ ಬನ್ನಿ. ಅಲ್ಲೊಂದು ಪದ್ಧತಿಯಿದೆ, ನಿಮ್ಮ ವರದಿಯಲ್ಲಿ ಅದರ ಸುದ್ದಿಯಿಲ್ಲ. ಬೆಳಿಗ್ಗೆ ಎಂಟಕ್ಕೆ ವಾಕಿಟಾಕಿ ಇರುವ ಹತ್ತು ಜನರೂ ಗೇಟಿನ ಬಳಿ ಭುಜಕ್ಕೆ ಭುಜ ತಾಗಿಸಿ ವೃತ್ತವಾಗಿ ನಿಲ್ಲಬೇಕು. ಒಬ್ಬೊಬ್ಬರಾಗಿ ಗುಂಡಿ ಒತ್ತಿ "ಸೆಟ್ ಓಕೆ ಸಾರ್" ಅನ್ನಬೇಕು. ಸೂಪರ್‌ವೈಸರ್ ಅದನ್ನು ವಿಡಿಯೋ ಮಾಡಿ ಮೇಲಿನವರ ವಾಟ್ಸಾಪ್ ಗುಂಪಿಗೆ ಹಾಕಬೇಕು. ಹತ್ತು ಸೆಟ್ಟು ಒಂದೇ ಕಡೆ! ನನ್ನ ಎರಡು ಸೆಟ್ಟಿಗೇ ಗಿರಾಕಿ ಹಾರುತ್ತಿದ್ದ. ವಿಡಿಯೋದಲ್ಲಿ ಬರೀ ಕಿರುಚಾಟ ಕೇಳಿಸಿತೆಂದು ಮೇಲಿನಿಂದ ಬೈಗುಳ ಬಂತು. ಸೂಪರ್‌ವೈಸರ್ ಸಾಹೇಬರು ಕಂಡುಕೊಂಡ ಪರಿಹಾರವೇನು? ವೃತ್ತವನ್ನು ದೊಡ್ಡದು ಮಾಡಲಿಲ್ಲ. "ನಾಳೆಯಿಂದ ಸೌಂಡ್ ಬಂದ್ರೆ ಆಬ್ಸೆಂಟ್ ಹಾಕ್ತೀನಿ" ಎಂದರು. ಸುರಕ್ಷತೆಯ ಪರೀಕ್ಷೆಯಲ್ಲಿ ಪಾಸಾಗಲು ಸುರಕ್ಷತೆಯ ಬಾಯಿಯನ್ನೇ ಮುಚ್ಚಬೇಕಾಯಿತು.

ಆ ಸಂಜೆಯೇ ಮುರಳಿ, ನಿಮ್ಮ ವರದಿಯ ಆ ಮೃತ ಕಾರ್ಮಿಕ, ನನ್ನ ಅಂಗಡಿಗೆ ಬಂದ. ಕ್ರೇನಿನ ಕೆಳಗೆ ನಿಂತು ಕೊಕ್ಕೆ ಹಾಕುವ ಕೆಲಸ ಅವನದು.

"ತಾತ, ಸೆಟ್ಟು ಕೆಟ್ಟಿದೆ, ಒಂದೇ ಸಮ ಕೂಗುತ್ತೆ."

"ಸೆಟ್ಟು ಕೆಟ್ಟಿಲ್ವೋ, ಅದರ ಸಹವಾಸ ಕೆಟ್ಟಿದೆ" ಎಂದೆ. ಅವನು ನಕ್ಕ. ನಕ್ಕವನನ್ನು ಕಂಡರೆ ನನಗೆ ಇನ್ನೂ ಹುರುಪು. "ಈ ವಾಲ್ಯೂಮ್ ಗುಂಡಿ ಕತ್ತು ಹಿಡಿದು ತಿರುಚು ಮಾರಾಯ, ಗಪ್ ಅನ್ನುತ್ತೆ. ಟಿಕ್ ಅನ್ನೋ ತನಕ ತಿರುಗಿಸ್ಬೇಡ, ಆಫ್ ಆಗುತ್ತೆ. ಅದಕ್ಕೆ ಸ್ವಲ್ಪ ಮುಂಚೆ ನಿಲ್ಸು. ಸೆಟ್ಟಿಗೆ ಜೀವ ಇರುತ್ತೆ, ಬಾಯಿ ಇರಲ್ಲ. ನಿಮ್ಮ ಸೂಪರ್‌ವೈಸರ್‌ಗೂ ಇಂಥದ್ದೊಂದು ಗುಂಡಿ ಇದ್ದಿದ್ರೆ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವನು ಹೋದ. "ವೃತ್ತ ಚದುರಿದ ಮೇಲೆ ಮರೆಯದೆ ಧ್ವನಿ ಏರಿಸು, ನಿಂತ ಜಾಗದಿಂದ ಒಂದು ಸಲ ಕ್ರೇನಿನವನನ್ನು ಕರೆದು ನೋಡು" ಎಂಬ ಉಳಿದ ಅರ್ಧ ಪಾಠ ನನ್ನ ಬಾಯಲ್ಲೇ ಉಳಿಯಿತು. ನಗು ಬಂದ ಮೇಲೆ ಮಾತು ಮುಗಿಯಿತು ಎಂದುಕೊಳ್ಳುವುದು ನನ್ನ ಹಳೆಯ ಕಾಯಿಲೆ.

ಅದಾದ ಹನ್ನೆರಡನೆಯ ದಿನ ಬೆಳಿಗ್ಗೆ ಎಂಟೂಕಾಲು. ವೃತ್ತ ಮುಗಿದಿತ್ತು, ವಿಡಿಯೋ ಹೋಗಿತ್ತು, "ಗುಡ್" ಎಂಬ ಹೆಬ್ಬೆರಳೂ ಬಂದಿತ್ತು. ಕ್ರೇನಿನ ಕ್ಯಾಬಿನ್ನಿನಲ್ಲಿದ್ದ ಸುನಿಲ್ ಕಣ್ಣೆದುರೇ, ಕೊಕ್ಕೆಗೆ ತೂಗುತ್ತಿದ್ದ ಅಚ್ಚಿನ ಪೆಟ್ಟಿಗೆಯ ಒಂದು ಬೆಲ್ಟು ಹರಿಯತೊಡಗಿತು. ಕೆಳಗೆ ಮುರಳಿ ಬೆನ್ನು ತಿರುಗಿಸಿ ನಿಂತಿದ್ದ. ಸುನಿಲ್ ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮೂರು ಸಲ ಕರೆದೆ ತಾತ. ಮೂರು ಸಲಾನೂ ಅವ್ನ ಸೊಂಟದಲ್ಲಿ ಹಸಿರು ಲೈಟು ಹತ್ತಿದ್ದು ಮೇಲಿಂದ ಕಾಣ್ತು. ಲೈಟು ಹತ್ತಿದ್ರೆ ಮಾತು ತಲುಪಿದೆ ಅಂತ ಅಲ್ವಾ? ಯಾಕೆ ಸರೀತಿಲ್ಲ ಅಂತ ಬೈದೆ ತಾತ ಅವನಿಗೆ. ಕೊನೇ ಸಲ ಬೈದೆ."

ಮಾತು ತಲುಪಿತ್ತು. ಸೆಟ್ಟು ಕೇಳಿಸಿಕೊಂಡಿತ್ತು. ಮುರಳಿಗೆ ಕೇಳಿಸಲಿಲ್ಲ, ಪೆಟ್ಟಿಗೆ ಅವನ ಮೇಲೆಯೇ ಬಿತ್ತು. ಗಂಟೆ ಬಾರಿಸಬಹುದಿತ್ತಲ್ಲ ಎನ್ನುವಿರಾ? ವಾಕಿಟಾಕಿ ಬಂದ ಮೇಲೆ ಇನ್ನೇಕೆ ಎಂದು ಕ್ರೇನಿನ ಗಂಟೆಯನ್ನು ಬಿಚ್ಚಿಟ್ಟಿದ್ದರು. ಇದೂ ನಿಮ್ಮ ಹನ್ನೊಂದು ಪುಟದಲ್ಲಿಲ್ಲ.

ವರದಿಯ ಪ್ರತಿ ಹಿಡಿದು ಮುರಳಿಯ ಹೆಂಡತಿ ಶೀಲಾ ಭದ್ರಾವತಿಯಿಂದ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಿದ್ದಳು. ಅತ್ತಿರಲಿಲ್ಲ. ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: "ನಮ್ಮನೆಯವ್ರು ಇಷ್ಟು ಕೇರ್‌ಲೆಸ್ಸಾ ತಾತ? ಗ್ಯಾಸ್ ಆಫ್ ಆಗಿದ್ಯಾ ಅಂತ ಎರಡು ಸಲ ಎದ್ದು ನೋಡ್ತಿದ್ರು. ನಾಳೆ ನನ್ನ ಮಗಳು ಇದನ್ನ ಓದಲ್ವಾ?" ಎಲ್ಲದಕ್ಕೂ ಒಂದು ಚಟಾಕಿ ಇಟ್ಟುಕೊಂಡಿದ್ದ ನಾನು ಅವಳ ಕೈಯಿಂದ ವರದಿ ತೆಗೆದುಕೊಂಡು ಮೊದಲ ಪುಟದಿಂದ ಓದಿದೆ. ಅದಕ್ಕೇ ಈ ಪತ್ರ.

ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟಿದ್ದೀರಿ. ನನ್ನ ಆಕ್ಷೇಪಣೆ ಇಷ್ಟೇ. ಸಹಿ ಹಾಕುವ ಮೊದಲು ಒಂದು ಬೆಳಿಗ್ಗೆ ಎಂಟಕ್ಕೆ ಆ ಗೇಟಿಗೆ ಬನ್ನಿ. ಮುರಳಿ ನಿಲ್ಲುತ್ತಿದ್ದ ಜಾಗದಲ್ಲಿ ನೀವು ನಿಲ್ಲಿ, ಅವನ ಸೆಟ್ಟು ನಿಮ್ಮ ಕೈಯಲ್ಲಿರಲಿ, ಧ್ವನಿ ಪೂರ್ತಿ ಇರಲಿ. ಪಕ್ಕದಲ್ಲಿ ನಾನೇ ನಿಂತು ಗುಂಡಿ ಒತ್ತುತ್ತೇನೆ. ಎಷ್ಟು ಹೊತ್ತು ತಡೆಯುತ್ತೀರೋ ತಡೆಯಿರಿ. ನಿಮ್ಮ ಬೆರಳು ತಾನಾಗಿ ಧ್ವನಿ ತಗ್ಗಿಸಲು ಹೋದ ಕ್ಷಣ, ಆ ಸಾಲನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ಆ ವೃತ್ತವನ್ನೂ ಆ ವಿಡಿಯೋವನ್ನೂ ಬಿಚ್ಚಿಟ್ಟ ಗಂಟೆಯನ್ನೂ ಬರೆಯಿರಿ. ಉಳಿದ ಒಂಬತ್ತು ಜನ ಇಂದು ಬೆಳಿಗ್ಗೆಯೂ ಅದೇ ವೃತ್ತದಲ್ಲಿ ನಿಂತಿದ್ದರು.

ಇಷ್ಟಾದ ಮೇಲೂ ನಿರ್ಲಕ್ಷ್ಯದ ಮುಂದೆ ಕಾರ್ಮಿಕನೊಬ್ಬನ ಹೆಸರು ಬೇಕೇ ಬೇಕು ಎಂದು ನಿಮ್ಮ ನಮೂನೆ ಹಟ ಹಿಡಿದರೆ, ನನ್ನದನ್ನು ಬರೆದುಕೊಳ್ಳಿ. ನಾನು ಬದುಕಿದ್ದೇನೆ. ಕರೆದರೆ ಕೇಳಿಸುತ್ತದೆ.

ಇಂತಿ,
ಪೂರ್ತಿ ನಕ್ಕು ಅರ್ಧ ಮಾತಾಡಿದ
ಹಾಲೇಶಪ್ಪ
ರೇಡಿಯೊ ರಿಪೇರಿ, ಸವಳಂಗ ರಸ್ತೆ, ಶಿವಮೊಗ್ಗ