ವನ್ಸ್ ಮೋರ್ ಅಂದವರಿಗೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ.

ಎದ್ದೆ. ಉಪ್ಪುನೀರು ಮುಕ್ಕಳಿಸಿದೆ. ಕಿಟಕಿ ಮುಂದೆ ನಿಂತು ದಿನದಂತೆ ಗಂಟಲು ಬಿಚ್ಚಿದೆ — ಆ... ಕೆಳಗೆ ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆಯಿತು. ಕೆಲಸದವಳು ಓಡಿ ಬಂದಳು. 'ಏನಾತ್ರಿ ಮೇಡಂ?' ಏನಿಲ್ಲ, ಪ್ರ್ಯಾಕ್ಟೀಸು ಅಂದೆ. ಅವಳಿಗೆ ತಿಳಿಯಲಿಲ್ಲ.

ಈ ಮೈಯಲ್ಲಿ ಇದು ನಾಲ್ಕನೇ ದಿನ. ಮೊಣಕಾಲು ನೋಯುವುದಿಲ್ಲ. ಬಾಯಲ್ಲಿ ಹಲ್ಲು ಪೂರಾ ಇವೆ. ಮೂವತ್ತರ ಹೆಣ್ಣು. ಅಲ್ಲಾಹನಿಗೆ ಶುಕ್ರ್.

ಬರೆದಿಡಬೇಕು. ಇಲ್ಲದಿದ್ದರೆ ನಾನೇ ನಂಬಲಾರೆ. ನಾನು ಶಾಹಜಾದಬಿ. ಗಂಗಾವತಿಯವಳು, ನಾಟಕದ ಪಾತ್ರಧಾರಿ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಹುಸೇನಬಾಷಾರ ಮಗಳು. ಬಣ್ಣದ ಪೆಟ್ಟಿಗೆ ಪಕ್ಕ ಮಲಗಿ ಬೆಳೆದವಳು. ದನಿ ದೊಡ್ಡದು — ಮೈಕ್ ಕೆಟ್ಟರೂ ಕಡೇ ಸಾಲಿಗೆ ಮುಟ್ಟುವುದು. ಅದಕ್ಕೇ ಯಾರೂ ನಾಯಕಿ ಪಾತ್ರ ಕೊಡಲಿಲ್ಲ. 'ಇಷ್ಟ ದೊಡ್ಡ ದನಿಗೆ ಯಾವ ಹೀರೋ ಗಂಟು ಬೀಳತಾನವಾ?' ಅಂದರು. ಆಯಿತು, ವಿಲನ್ ಆದೆ. 'ಕೆನಿಹಾಲಿನ ಕೇಡು' ನಾಟಕದ ರಂಜಿತಾ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ... ಹೋದಲ್ಲೆಲ್ಲ ಬೈಗುಳ. ಬೈದಷ್ಟೂ ಪಾತ್ರ ಗೆದ್ದ ಹಾಗೆ.

ಕುಕನೂರಿನ ಆಟ. ಮೂರನೇ ಅಂಕ. ವಿಷದ ಹಾಲು ಕುಡಿದೆ, ಬಿದ್ದೆ. ಖರೇನೇ ಬಿದ್ದೆ. ಎದೆ ಹಿಡಿದುಕೊಂಡಿತು. ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಮುದಕಮ್ಮ — ಪ್ರತಿ ವರ್ಷ ಬಂದು ನನ್ನನ್ನು ಬಾಯಿತುಂಬ ಬೈದು ಹೋಗುವ ಮುದುಕಿ — ಎದ್ದು ನಿಂತು ಒದರಿದಳು: 'ವನ್ಸ್ ಮೋರ್!' ಕಿವಿಗೆ ಬಿದ್ದ ಕಡೇ ಮಾತು ಅದು.

ಕಣ್ಣು ಬಿಟ್ಟರೆ ಈ ಬಂಗಲೆ. ಅದೇ ನಾಟಕದ ಒಳಗೆ. ನಾನೇ ರಂಜಿತಾ.

ನಮ್ಮ ನಾಟಕದವರ ಕಾಯಿದೆ: ವನ್ಸ್ ಮೋರ್ ಅಂದರೆ ಇಲ್ಲ ಅನ್ನುವ ಹಾಗಿಲ್ಲ. ಯಲಬುರ್ಗಾದಲ್ಲಿ ಗುಂಡು ತಿಂದು ಸತ್ತ ಹೀರೋ ಎದ್ದು, ಧೂಳು ಝಾಡಿಸಿ, ಸಾಯುವ ಹಾಡು ಮತ್ತೆ ಹಾಡಿ ಮತ್ತೆ ಸತ್ತ. ಕಣ್ಣಾರೆ ಕಂಡಿದ್ದೇನೆ. ದೇವರ ಮನೆಯಲ್ಲೂ ಅದೇ ಕಾಯಿದೆ ಇದ್ದೀತು.

ಅದೇ ದಿನ. ಮಧ್ಯಾಹ್ನ.

ಆದರೆ ಈ ಕಥೆಯ ಕೊನೆ ನನಗೆ ಗೊತ್ತು. ಅಕ್ಕಿ ಮಿಲ್ಲಿನ ಮಾಲೀಕ ಅಯ್ಯಪ್ಪ. ಅವನು ಒಲಿದ ಬಡವರ ಹುಡುಗಿ ದೀಪಿಕಾ. ಅವನ ಮೇಲೂ ಮಿಲ್ಲಿನ ಮೇಲೂ ಕಣ್ಣಿಟ್ಟ ಸೋದರತ್ತೆ ಮಗಳು ರಂಜಿತಾ. ಮೂರನೇ ಅಂಕದಲ್ಲಿ ರಂಜಿತಾ ದೀಪಿಕಾಳ ಹಾಲಿಗೆ ಇಲಿ ಪಾಷಾಣ ಬೆರೆಸುವಳು. ದೀಪಿಕಾ ಹಾಡುವಳು. ಹಾಡು ಮುಗಿದೊಡನೆ, ಅನುಮಾನ ಬಂದ ಅಯ್ಯಪ್ಪ ಇಬ್ಬರ ಲೋಟ ಗುಟ್ಟಾಗಿ ಅದಲುಬದಲು ಮಾಡುವನು. ಸಾಯುವವಳು ನಾನು.

ಬೆರೆಸದಿದ್ದರಾಯಿತು, ಅಂದುಕೊಂಡಿದ್ದೆ. ಇಂದು ದೀಪಿಕಾ ಮನೆಗೆ ಬಂದಳು. ಊಟ ಆತೇನವಾ ಅನ್ನಲು ಬಾಯಿ ತೆರೆದೆ. ಬಾಗಿಲ ಪರದೆಯ ಹಿಂದಿನಿಂದ ಪಿಸುದನಿ — ಸೈಡಿಗೆ ನಿಂತು ಪಾತ್ರಕ್ಕೆ ಮಾತು ಹೇಳಿಕೊಡುತ್ತಾರಲ್ಲ, ಹಾಗೆ. ನಾಲಿಗೆ ಅದರ ಬೆನ್ನು ಹತ್ತಿತು: 'ಗುಡಿಸಲದ ಹುಡುಗಿಗೆ ಗಾದಿ ಆಸೆ ಬಂತೇನು?' ಹುಡುಗಿ ಕಣ್ಣಲ್ಲಿ ನೀರು.

ಪರದೆ ಸರಿಸಿ ನೋಡಿದೆ. ಯಾರೂ ಇಲ್ಲ.

ಫೆಬ್ರವರಿ 4. ಸಂಜೆ.

ಪಿಸುದನಿ ತಾಳಲಾರದೆ ರಸ್ತೆಗೆ ಬಂದೆ. ಮಿಲ್ಲಿನ ಜೀಪ್ ಡ್ರೈವರ್ ಕನಕಪ್ಪ ನಿಂತಿದ್ದ. ನಾಟಕದ ಹಾಸ್ಯ ಪಾತ್ರ. ನಲವತ್ತು ದಾಟಿದೆ. ಮೀಸೆ ಒಂದು ಕಡೆ ಕರ್ರಗೆ, ಇನ್ನೊಂದು ಕಡೆ ಬೆಳ್ಳಗೆ.

'ಮೀಸಿಗೇನಾತೋ?'

'ಒಂದ ಕಡೆ ಬಣ್ಣ ಹಚ್ಚಿದ್ದೆ ಮೇಡಂರ. ಅಷ್ಟರಾಗ ನಿಮ್ಮ ದನಿ ಬಂತು. ಡಬ್ಬಿ ಬಿತ್ತು.'

ನಕ್ಕೆ. ನಕ್ಕ ಮೇಲೆ ತಿಳಿಯಿತು — ನಕ್ಕವಳು ನಾನು. ಯಾರೂ ಹೇಳಿಕೊಡಲಿಲ್ಲ.

ಹೌದಲ್ಲ. ಹಾಸ್ಯದವನಿಗೆ ಬರೆದ ಮಾತಿಲ್ಲ. ಪುಸ್ತಕದಲ್ಲಿ ಅವನ ಜಾಗದಲ್ಲಿ 'ಹಾಸ್ಯ' ಅಂತ ಇಷ್ಟೇ. ಹಿಂದೆ ಸೀನು ಬದಲಿಸುವ ತನಕ ಮುಂದೆ ರಸ್ತೆಯ ಪರದೆ ಬಿಡುತ್ತಾರೆ. ಅವನು ತೋಚಿದ್ದು ಮಾತಾಡುತ್ತಾನೆ. ಅವನ ಪಕ್ಕ ನಿಂತರೆ ನನ್ನ ಬಾಯೂ ನನ್ನದೇ.

'ಮುಂದಿನ ಮಾತು ನಿನಗ ಹೆಂಗ ಗೊತ್ತಾಗತೈತಿ ಕನಕಪ್ಪ?'

'ಆಡಿದ ಮ್ಯಾಲ ಗೊತ್ತಾಗತೈತ್ರಿ. ಅಷ್ಟರಾಗ ಬೈಸಿಕೊಂಡಿರತೀನಿ.'

ಕನಕಗಿರಿ ಸಂತೆಗೆ ಹೊರಟಿದ್ದ. ಜೀಪು ಹತ್ತಿದೆ. ಮಂಡಕ್ಕಿ, ಮಿರ್ಚಿ. ಅವನಿಗೆ ಎಲ್ಲ ಹೇಳಿದೆ — ಕುಕನೂರು, ಹಾಲು, ಮುದಕಮ್ಮ. ನಗಲಿಲ್ಲ. ಮಿರ್ಚಿ ತೊಟ್ಟು ಎಸೆದು ಕೇಳಿದ.

'ಹಂಗಾರ ನಾನೂ ನಾಟಕದಾವನ?'

'ಹೂಂ.'

'ಅದಕ್ಕ ನೋಡ್ರಿ ನನ್ನ ಮದವಿ ಆಗಿಲ್ಲ. ಬರದಾವ್ರು ಮರ್ತಾರ.' ಕೈ ಒರೆಸಿಕೊಂಡು — 'ನಿಮ್ಮ ಖರೇ ಹೆಸರೇನಂದ್ರಿ?'

'ಶಾಹಜಾದಬಿ.'

ಎರಡು ಸಲ ಅಂದು ನೋಡಿದ. ಮೆಲ್ಲಗೆ, ಬಿಸಿ ಚಹಾ ಕುಡಿದ ಹಾಗೆ.

ಮಾರ್ಚ್ 19.

ಮೇಲಿನ ಸಾಲು ಬರೆದು ಪೆನ್ನಿಟ್ಟದ್ದು ನೆನಪು. ಕಣ್ಣು ಮಿಟುಕಿಸಿದೆ. ಒಂದೂವರೆ ತಿಂಗಳು ಮಾಯ. ಮೊದಲ ಅಂಕದ ಪರದೆ ಬಿದ್ದು ಎದ್ದಿದೆ, ಇದು ಎರಡನೇ ಅಂಕ. ಅಯ್ಯಪ್ಪ-ದೀಪಿಕಾ ಮದುವೆ ಆಗಿಹೋಗಿದೆ. ಬಿಸಿಲು ಏರಿದೆ.

ರಸ್ತೆಗೆ ಓಡಿದೆ. ಕನಕಪ್ಪ ನನ್ನನ್ನು ನೋಡಿ ಜೀಪಿನ ಬಾಗಿಲು ಹಿಡಿದುಕೊಂಡ.

'ಕಿಟಕಿ ಹಂತೇಕ ಕುಂತಿದ್ರಿ. ಕಣ್ಣ ತೆರದಿದ್ವು, ನೋಟ ಇರಲಿಲ್ಲ. ಮನ್ಯಾಗ ಎಲ್ಲಾರೂ ಹಂಗ. ಸಂತ್ಯಾಗಿನ ಗೊಂಬಿ. ನಾ ಒಬ್ಬಾಂವ ಓಡಾಡಿಕೋತ ಇದ್ದೆ.'

'ಮತ್ತ ಮದವಿ?'

'ಆತು ಅಂತ ಎಲ್ಲಾರೂ ಅಂತಾರ. ಊಟಾ ಮಾಡಿದಾವ್ರ ಒಬ್ಬರೂ ಇಲ್ಲ.'

'ಇಷ್ಟು ದಿನ ನೀ ಏನ ಮಾಡಿದಿ?'

'ದಿನಾ ನಿಮ್ಮ ಕಿಟಕಿ ಕೆಳಗ ನಿಂತು ಒಂದೊಂದು ಜೋಕ್ ಹೇಳಿದೆ. ಒಂದಕ್ಕೂ ನಗಲಿಲ್ಲ ನೀವು. ಹಾಸ್ಯದಾವನ ಬಾಳೇ ಮುಗೀತು ಅನ್ಕೊಂಡೆ.'

'ಈಗ ಹೇಳು. ಎಲ್ಲಾ.'

ಹೇಳಿದ. ಭಾಳ ಕೆಟ್ಟ ಜೋಕುಗಳು. ಎಲ್ಲಕ್ಕೂ ನಕ್ಕೆ. ನಗುನಗುತ್ತ ಯಾವಾಗ ಅಳು ಬಂತೋ ತಿಳಿಯಲಿಲ್ಲ. ಜನ ನನ್ನನ್ನು ಕಾಯುತ್ತಿದ್ದದ್ದು ಬೈಯಲಿಕ್ಕೆ. ನಗಿಸಲಿಕ್ಕೆ ಕಾಯ್ದವನು ಇವನೊಬ್ಬ.

ಮಾರ್ಚ್ 20. ಹೇಮಗುಡ್ಡ.

ಓಡಿ ಬಂದಿದ್ದೇವೆ. ಮೂರನೇ ಅಂಕಕ್ಕೆ ನಾನು ಸಿಗದಿದ್ದರೆ ಹಾಲೂ ಇಲ್ಲ, ಸಾವೂ ಇಲ್ಲ. ಡೈರಿ ಜೊತೆಗೇ ತಂದೆ. ಗುಡಿ ಮೆಟ್ಟಿಲ ಮೇಲೆ ಕೂತಿದ್ದೇನೆ. ತಣ್ಣಗೆ ಗಾಳಿ. ಇಷ್ಟು ಹೊತ್ತು ಅವನ ಕೈ ನನ್ನ ಕೈ ಪಕ್ಕದಲ್ಲೇ ಇತ್ತು — ಮುಟ್ಟಲಿಲ್ಲ, ಸರಿಯಲೂ ಇಲ್ಲ. ಈಗ ನೀರು ತರಲು ಹೋಗಿದ್ದಾನೆ. ಬಂದ ಮೇಲೆ ಒಂದು ಮಾತು ಹೇಳಬೇಕು. ಏನೆಂದರೆ, ನಾನು

ಎಪ್ರಿಲ್ 12. ಬೆಳಿಗ್ಗೆ.

ಕೋಣೆ. ಅದೇ ಕುರ್ಚಿ. ಎಲ್ಲಿಗೆ ಓಡಿದರೂ ಪರದೆ ಬಿದ್ದಾಗ ಪಾತ್ರ ತನ್ನ ಜಾಗಕ್ಕೇ ಬರಬೇಕು. ಮೂರನೇ ಅಂಕ. ಹಾಲು ಇಂದು ಸಂಜೆ.

ಕೈ ಆಗಲೇ ಪಾಷಾಣದ ಪೊಟ್ಟಣ ಸೆರಗಿಗೆ ಕಟ್ಟಿದೆ. ಬಿಚ್ಚಲು ಹೋದರೆ ಬೆರಳು ಬಾಗುವುದಿಲ್ಲ.

ಕಿಟಕಿ ಕೆಳಗೆ ಕನಕಪ್ಪ. ಒಳಗೆ ಬಾ ಅಂದೆ.

'ಹೊಸ್ತಿಲದಾಗ ಕಾಲ ಏಳವಲ್ವುರಿ. ಅಳೂ ಸೀನಿಗೆ ಹಾಸ್ಯದಾವನ್ನ ಬಿಡೂದಿಲ್ಲ.'

'ಹಂಗಾರ ಹೊರಗ ನಿಂತು ಪ್ರೇಕ್ಷಕ ಆಗು. ದೀಪಿಕಾ ಹಾಡು ಮುಗಿಸಿದ ಕೂಡ್ಲೆ ಒದರು — ವನ್ಸ್ ಮೋರ್. ಹಾಡು ಮುಗೀಲಾರದ ಲೋಟಾ ಬದಲಾಗೂದಿಲ್ಲ.'

'ಎಷ್ಟ ಸಲ ಒದರ್ಲಿ?'

'ಹಾಲು ಒಡಿಯೂ ತನಕ. ಬ್ಯಾಸಗಿ ಐತಿ. ಒಡದ ಹಾಲು ಯಾರೂ ಕುಡಿಯೂದಿಲ್ಲ.'

'ಒಡೀದಿದ್ರ?'

'ನೀ ಒದರು' ಅಂದು ಕಿಟಕಿ ಮುಚ್ಚಿದೆ.

ಎಪ್ರಿಲ್ 12. ದೀಪ ಹಚ್ಚಿದ ಮೇಲೆ.

ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ.

ಬೆರೆಸಿದೆ. ಕೈಯೇ ಬೆರೆಸಿತು. ಆ ಲೋಟ ದೀಪಿಕಾಳಿಗೆ ಕೊಟ್ಟಿತು, ಇನ್ನೊಂದು ನನ್ನ ಮುಂದೆ ಇಟ್ಟಿತು. 'ತಾಯಿಯಂಥ ಅಕ್ಕಾ' ಅಂತ ಹಾಡಿದಳು ಆ ಹುಚ್ಚು ಹುಡುಗಿ. ಮುಗಿಸಿದಳು. ಬಾಗಿಲಲ್ಲಿದ್ದ ಅಯ್ಯಪ್ಪ ಒಂದು ಹೆಜ್ಜೆ ಮುಂದಿಟ್ಟ. ಹೊರಗಿನಿಂದ — ವನ್ಸ್ ಮೋರ್.

ಅಯ್ಯಪ್ಪ ಹಿಂದೆ ಸರಿದ. ದೀಪಿಕಾ ಮತ್ತೆ ಮೊದಲಿನಿಂದ. ಮತ್ತೆ ವನ್ಸ್ ಮೋರ್. ಮತ್ತೆ. ಮತ್ತೆ. ಹಾಲಿನ ಮೇಲೆ ಕೆನೆ ಕಟ್ಟಿತು, ಒಡೆಯಲಿಲ್ಲ. ಗಟ್ಟಿ ಎಮ್ಮೆ ಹಾಲು. ಕನಕಪ್ಪನ ದನಿ ಒಡೆಯತೊಡಗಿತು. ದೀಪಿಕಾಳದೂ.

ಆಗ ಅವಳು ಯಾವ ಪುಸ್ತಕದಲ್ಲೂ ಇಲ್ಲದ ಮಾತು ಆಡಿದಳು.

'ಅಕ್ಕಾ, ಗಂಟಲ ಆರೇತಿ. ಒಂದ ಗುಟುಕ ಕುಡದು ಹಾಡತೀನಿ.'

ಲೋಟ ತುಟಿಯ ಹತ್ತಿರ ಹೋಯಿತು. ಪರದೆ ಹಿಂದಿನ ಪಿಸುದನಿ ತಡವರಿಸಿತು. ಹಾಳೆ ಮಗುಚುವ ಸದ್ದು. ಮಾತು ಸಿಗಲಿಲ್ಲ ಅದಕ್ಕೆ. ಅದಕ್ಕೆ ಸಿಗಲಿಲ್ಲ ಅಂದರೆ —

'ಕುಡೀಬ್ಯಾಡ!'

ಬಂತು. ಜೀವಮಾನದ ದನಿ ಒಟ್ಟಿಗೆ ಬಂತು. ಗೋಡೆಯ ಫೋಟೋ ವಾಲಿತು. ಲೋಟ ಬಿತ್ತು. ಹಾಲು ನೆಲದ ತುಂಬ.

'ವಿಷ ಐತಿ. ನಾನ ಹಾಕೀನಿ.'

ಅಯ್ಯಪ್ಪನ ಮುಖ ಬಿಳಿಚಿತು. 'ನಡಿ ಹೊರಗ. ಇನ್ನೊಮ್ಮೆ ಈ ಹೊಸ್ತಿಲಾ ತುಳದಿ ಅಂದ್ರ ಪೊಲೀಸರ್ನ ಕರಸತೀನಿ.' ದೀಪಿಕಾ ಬಾಗಿಲ ತನಕ ಬಂದಳು. 'ಯಾಕ ಹಾಕಿದ್ಯೋ ಗೊತ್ತಿಲ್ಲಕ್ಕಾ. ಉಳಿಸಿದ್ದು ಗೊತ್ತೈತಿ.' ನನ್ನ ಕೈ ಒತ್ತಿದಳು. ಅವಳ ಕೈ ಇನ್ನೂ ಬೆಚ್ಚಗಿತ್ತು.

ನಾಯಕಿಯ ಸಣ್ಣ ದನಿ ಇದ್ದಿದ್ದರೆ ಇಂದು ಆ ಹುಡುಗಿ ಇರುತ್ತಿರಲಿಲ್ಲ. ಈ ದನಿ ಕೊಟ್ಟವನೇ, ಇಷ್ಟು ವರ್ಷ ಅದಕ್ಕಾಗಿ ನಿನ್ನ ಮೇಲೆ ಸಿಟ್ಟಾಗಿದ್ದೆ. ಶುಕ್ರ್.

ಎಪ್ರಿಲ್ 13.

ಹದಿಮೂರು. ನಿನ್ನೆ ಹನ್ನೆರಡಿತ್ತು!

ಕನಕಗಿರಿ, ಕನಕಪ್ಪನ ಅಕ್ಕನ ಮನೆ. ಜೀಪು ಬಂಗಲೆಯಲ್ಲೇ ಬಿಟ್ಟು ಬಂದ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತುಕೊಂಡೇ ಬಂದೆವು. ಏನು ಸುಖ.

ಎಪ್ರಿಲ್ 14.

ಹದಿನಾಲ್ಕು. ಕ್ಯಾಲೆಂಡರ್ ಮುಂದೆ ನಿಂತಿದ್ದೆ. ಅಕ್ಕ ಕೇಳಿದಳು, 'ಏನ ನೋಡಾಕತ್ತಿಯವಾ, ಅಮಾಸಿನ?'

'ಇಲ್ರಿ ಅಕ್ಕಾರ. ನಾಳೆ.'

ಎಪ್ರಿಲ್ 15. ಬೆಳಿಗ್ಗೆ.

ಮುದಕಮ್ಮಾ, ಕುಕನೂರಿನ ತಾಯಿ. ಈ ಚಹಾ, ಈ ಬಿಸಿಲು, ಹೊಸ್ತಿಲಲ್ಲಿ ಬಿದ್ದ ಆ ಎರಡು ಜೋಡಿ ಚಪ್ಪಲಿ — ಎಲ್ಲ ನೀನು ಒದರಿದ್ದರಿಂದ.

ಕನಕಪ್ಪ ಓಡಿಸಲು ಬಾಡಿಗೆಗೆ ಟಂಟಂ ಆಟೋ ಹಿಡಿದಿದ್ದಾನೆ. ಇಂದು ಮೀಸೆ ಎರಡೂ ಕಡೆ ಕಪ್ಪು. ಒದರಿ ಒದರಿ ಹೋದ ದನಿ ಇನ್ನೂ ಬಂದಿಲ್ಲ. ಬಾಗಿಲಲ್ಲಿ ನಿಂತು ಪಿಸುದನಿಯಲ್ಲೇ ಕೇಳಿದ.

'ಶಾಹಜಾದಬಿ. ಹೇಮಗುಡ್ಡದಾಗ ನಾ ನೀರು ತಂದೆ, ನೀವಿರಲಿಲ್ಲ. ಡೈರಿನೂ ಇರಲಿಲ್ಲ. ಆದ್ರ ಏನೋ ಹೇಳೂ ಮಾರಿ ಮಾಡಿದ್ರಿ ನೀವು. ಏನದು?'

ಪಿಸುದನಿ ಕೇಳಿದರೆ ಮಾತು ಬರುವುದು ನನ್ನ ಕಸುಬು. ಬರಲಿಲ್ಲ. ಒಂದು ನಿಮಿಷ ತಡಿ ಅಂದು ಒಳಗೆ ಬಂದು ಕೂತೆ. ಬರೆದು, ಬಾಯಿಪಾಠ ಮಾಡಿಕೊಂಡು ಹೋಗಿ ಹೇಳೋಣ ಅಂತ. ಹಳೇ ಚಟ.

ಹಾರ್ನ್ ಹೊಡೆಯುತ್ತಿದ್ದಾನೆ.

ಬೇಡ, ಬರೆಯುವುದಿಲ್ಲ. ಬರೆದ ಮಾತು ಸಾಕು ಈ ಬಾಯಿಗೆ. ಹೋಗಿ ಎದುರು ನಿಲ್ಲುತ್ತೇನೆ, ಬಾಯಿ ತೆರೆಯುತ್ತೇನೆ, ಏನು ಬರುತ್ತದೋ