ಟಿಟವಿಯ ರೆಕ್ಕೆ

ಕೊಣ್ಣೂರ
ಬುಧವಾರ, ಮಧ್ಯಾಹ್ನ

ನನ್ನ ಹಟಮಾರಿ ತ್ರಿಶಲಾ,

ನಿನ್ನ ಹೆತ್ತ ಆಯಿಯ ಆಶೀರ್ವಾದ. ಅಕ್ಷರಗಳು ಕೋಳಿ ಕೆದರಿದಂತಿವೆ ಎಂದು ನಗಬೇಡ, ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ. ನನ್ನ ಫೋನು ನಿನ್ನ ತಮ್ಮ ಯಶನ ಕೈಯಲ್ಲಿದೆ. ನಿನ್ನ ಗೆಳತಿ ಕಸ್ತೂರಿ ಹಾಲು ಕೊಡುವ ನೆಪದಲ್ಲಿ ಬಂದು ಈ ಪತ್ರ ನಿನಗೆ ಮುಟ್ಟಿಸಲು ಒಯ್ಯುತ್ತಾಳೆ, ಅಷ್ಟರೊಳಗೆ ಇದನ್ನು ಮುಗಿಸಬೇಕು.

ದುಂಡೇಶನ ಜೊತೆ ಹೋದದ್ದು ಸರಿಯೋ ತಪ್ಪೋ, ಆಮೇಲೆ ಜಗಳವಾಡೋಣ. ಕುರುಬರ ಹುಡುಗ ಎಂದು ನಿಮ್ಮಪ್ಪನಿಗೆ ಸಿಟ್ಟು. ನನಗೊಂದು ಮಾತು ಹೇಳದೆ ಹೋದೆಯಲ್ಲ ಎಂದು ನನಗೆ ಸಿಟ್ಟು. ಕಸ್ತೂರಿಯೇ ನನಗೆ ಎಲ್ಲ ಹೇಳಿದಳು. ಆದರೆ ಶುಕ್ರವಾರ ನಿಮ್ಮ ಮದುವೆ ನೋಂದಣಿ ಆಗುವವರೆಗೆ ನೀವು ಮೂಡಲಗಿಯಲ್ಲಿರುವುದು ಇವರಿಗೆ ತಿಳಿಯಬಾರದು. ನಿನ್ನ ಕಾಕಾ ಜೀಪಿನಲ್ಲಿ ಬಡಿಗೆ ಇಟ್ಟುಕೊಂಡು ತಿರುಗುತ್ತಿದ್ದಾರೆ.

ನಮ್ಮ ಹೊಲದ ಟಿಟವಿ ಹಕ್ಕಿ ನೆನಪಿದೆಯಾ? ನೀನು ಬಿ.ಎಸ್ಸಿ. ಓದುವಾಗ ಕಬ್ಬಿನ ಬದುವಿನಲ್ಲಿ ತೋರಿಸಿದ್ದೆ. ನಾವು ಹತ್ತಿರ ಹೋದಂತೆ ಅದು ರೆಕ್ಕೆ ಮುರಿದಂತೆ ನೆಲಕ್ಕೆ ಬಿದ್ದು, ಚೀರುತ್ತ, ಕುಂಟುತ್ತ ದೂರ ಹೊರಟಿತು. ಪಾಪ ಎಂದು ನಾನು ಹಿಂದೆಯೇ ಹೋದೆ. "ಆಯಿ, ಅದು ನಾಟಕ ಮಾಡಾಕತ್ತೈತಿ. ತತ್ತಿ ಈ ಕಡೆ ಅದಾವ" ಎಂದು ನೀನು ನಕ್ಕಿದ್ದೆ. ಯಾರೂ ಕಲಿಸಿದ್ದಲ್ಲ, ಹೀಗೆ ನಟಿಸಿದ ತಾಯಂದಿರ ಮರಿಗಳೇ ಹೆಚ್ಚು ಬದುಕಿದವು, ಲಕ್ಷಾಂತರ ವರ್ಷಗಳಲ್ಲಿ ಆ ಗುಣ ಹಾಗೇ ಇಳಿದು ಬಂತು ಎಂದಿದ್ದೆ. ನಿನಗೂ ಬಂದಿದೆ ಬಿಡು. "ಪ್ರ್ಯಾಕ್ಟಿಕಲ್ ಐತಿ" ಎಂದು ಹೇಳಿ ಮನೆ ಬಿಟ್ಟವಳು ನೀನು.

ನಿನ್ನೆ ನಾನೂ ಅದನ್ನೇ ಮಾಡಿದೆ. ಬಸದಿಯಲ್ಲಿ ಮಂತ್ರ ಹೇಳಿ ಬಂದ ಬಾಯಿಂದಲೇ, "ಹತ್ತರಗ್ಯಾಗ ಪುಣೆ ಬಸ್ ಹತ್ತತೀವಿ ಅಂದಾಳ್ರಿ" ಎಂದು ಸುಳ್ಳು ಹೇಳಿ, ಅಳುತ್ತ ಅವರ ಜೊತೆ ಹೊರಟೆ. ಹತ್ತರಗಿಯಲ್ಲಿ ಹೆದ್ದಾರಿ ಬದಿಯ ಹೋಟೆಲುಗಳನ್ನೆಲ್ಲ ಜಾಲಾಡಿದರು. ಕೊನೆಗೆ ಯಶ, "ಕಾಕಾ, ದುಂಡೇಶನ ಸೋದರಮಾವ ಮೂಡಲಗ್ಯಾಗ ಅದಾನ. ಅಲ್ಲೇ ನೋಡೂಣು ನಡೀರಿ" ಅಂದ.

ಇನ್ನು ಕಾಯುವಂತಿರಲಿಲ್ಲ. ಜೀಪು ಹತ್ತುವಾಗ ಕಾಲು ಜಾರಿದವಳ ಹಾಗೆ ಕೆಳಗೆ ಬಿದ್ದು, "ಸತ್ತೆನ್ರೋ ಯಪ್ಪಾ" ಎಂದು ಚೀರಿದೆ. ನಿಮ್ಮಪ್ಪ ಎಲ್ಲ ಬಿಟ್ಟು ಓಡಿ ಬಂದರು. "ಸುಂದರಾ, ಎಲ್ಲಿ ಬ್ಯಾನಿ ಆಗಾಕತ್ತೈತಿ?" ಎಂದು ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅವರಿಗೆ ಮೋಸ ಮಾಡಿದ್ದಕ್ಕೆ ಅವರ ಮುಖ ನೋಡಲಾಗದೆ ಕಣ್ಣು ಮುಚ್ಚಿಕೊಂಡೆ. ಹುಕ್ಕೇರಿಯ ದವಾಖಾನೆಯಲ್ಲೇ ಕತ್ತಲಾಯಿತು, ಮೂಡಲಗಿಯ ಮಾತನ್ನು ಯಾರೂ ಎತ್ತಲಿಲ್ಲ.

ಆದರೆ ಯಶ ಮರೆತಿಲ್ಲ. ಇಂದು ಸಂಜೆ ಅವರು ಅಲ್ಲಿಗೇ ಬರುತ್ತಾರೆ. ಈ ಪತ್ರ ಕೈಗೆ ಬಂದ ಕೂಡಲೇ ಆ ಮನೆ ಬಿಡಿ. ಎಲ್ಲಿಗೆ ಹೋಗುತ್ತೀರಿ ಎಂದು ನನಗೂ ತಿಳಿಸಬೇಡ. ಆಯಿಗೆ ಹುಷಾರಿಲ್ಲ, ನಿನ್ನನ್ನೇ ಕೇಳುತ್ತಿದ್ದಾಳೆ ಎಂದು ಫೋನು ಬಂದರೂ ಬರಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ದಾರಿಯನ್ನೇ ಯೋಚಿಸುತ್ತಿರುವ,
ಆಯಿ
ಸುಂದರಾಬಾಯಿ

ತಾ.ಕ.: ಕಸ್ತೂರಿ ಬಂದಳು, ನನ್ನನ್ನು ನೋಡಿ ಅತ್ತಳು. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ಕನ್ನಡಕ ಮೂಗಿನ ಮೇಲೇ ಇದೆ. ಬೆಳಿಗ್ಗೆಯಿಂದ ಎಡಗೈಯಲ್ಲಿ ಬರೆಯುತ್ತಿದ್ದೇನೆ; ಬಲಗೈ ಎಲುಬು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ಟಿಟವಿಯಷ್ಟು ಚೆನ್ನಾಗಿ ಬೀಳಲು ನನಗೆ ಬರಲಿಲ್ಲ. ಎಡಗೈಯ ಆಶೀರ್ವಾದ ನಡೆಯುವುದಿಲ್ಲ ಅನ್ನುತ್ತಾರೆ. ಬಲಗೈ ಸರಿಯಾದ ಮೇಲೆ ನಿಮ್ಮಿಬ್ಬರ ತಲೆಯ ಮೇಲಿಟ್ಟು ಇನ್ನೊಮ್ಮೆ ಕೊಡುತ್ತೇನೆ. ಈಗ ಮಾತ್ರ ಬರಬೇಡ.